ಕೊಲೆಯ ಕತೆಯೊಳಗೊಂದು ಸುಖಸಂಸಾರ

ಇನ್ನೊಂದು ಗಂಟೆಯಲ್ಲಿ ಇಲ್ಲಿನ ದೀಪ ಆರಿಸಿ ನಿಮಗೆ 'ದಿ ಥಿನ್ ಮ್ಯಾನ್' ತೋರಿಸುತ್ತಾರೆ. 1934ರ ಹಾಲಿವುಡ್ ಸಿನಿಮಾ. ಕಪ್ಪು ಬಿಳುಪು, ಸುಮಾರು ಒಂದೂವರೆ ಗಂಟೆ. ಅದರಲ್ಲಿ ಮೂರು ಕೊಲೆ ಇವೆ. ನೆಲದಡಿ ಹೂತಿಟ್ಟ ಹೆಣ ಇದೆ. ಸುಳ್ಳು ಇದೆ, ದುಡ್ಡಿನ ಆಸೆ ಇದೆ, ರಾತ್ರಿ ಮಲಗುವ ಕೋಣೆಗೆ ಪಿಸ್ತೂಲು ಹಿಡಿದು ನುಗ್ಗುವ ರೌಡಿ ಇದ್ದಾನೆ. ಇಷ್ಟೆಲ್ಲ ಇದ್ದೂ, ನೋಡಿ ಹೊರಗೆ ಬರುವಾಗ ನಿಮ್ಮ ಮನಸ್ಸು ಹಗುರಾಗಿರುತ್ತದೆ. ಯಾರದೋ ಒಳ್ಳೆಯವರ ಮನೆಗೆ ಊಟಕ್ಕೆ ಹೋಗಿ ಬಂದ ಹಾಗೆ. ಇದು ಹೇಗಾಯಿತು ಅನ್ನುವುದೇ ನನ್ನ ಇವತ್ತಿನ ಮಾತು.

ಕೊಲೆಗಾರ ಯಾರು ಅಂತ ನಾನು ಹೇಳುವುದಿಲ್ಲ. ಈ ಸಿನಿಮಾವನ್ನು ಏಳೆಂಟು ಸಲ ನೋಡಿದ್ದೇನೆ. ಆದರೂ ಎರಡು ವರ್ಷ ಬಿಟ್ಟು ಮತ್ತೆ ನೋಡಲು ಕೂತರೆ ಕೊಲೆಗಾರ ಯಾರು ಅನ್ನುವುದು ಮರೆತೇ ಹೋಗಿರುತ್ತದೆ. ಈ ಸಿನಿಮಾ ಇಷ್ಟಪಡುವ ನನ್ನ ಸ್ನೇಹಿತರೂ ಇದನ್ನೇ ಹೇಳುತ್ತಾರೆ. ನೆನಪಿರುವುದು ಬೇರೆಯೇ. ಒಬ್ಬಳು ಹೆಂಡತಿ ಕೋಣೆಯ ಬಾಗಿಲು ತೆಗೆಯುತ್ತಾಳೆ. ಒಳಗೆ ಅವಳ ಗಂಡನ ತೋಳಲ್ಲಿ ಒಬ್ಬ ಚೆಂದದ ಹುಡುಗಿ ಅಳುತ್ತಾ ನಿಂತಿದ್ದಾಳೆ. ಹೆಂಡತಿ ನೋಡುತ್ತಾಳೆ. ಮೂಗು ಸುಕ್ಕಿಸುತ್ತಾಳೆ. ಅಷ್ಟೇ. ಆ ಮೂಗಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪತ್ತೇದಾರ ಅಂದ ಕೂಡಲೇ ನಿಮ್ಮ ಕಣ್ಣಿಗೆ ಯಾರು ಬರುತ್ತಾರೆ? ಹೆಚ್ಚಾಗಿ ಒಂಟಿ ಗಂಡಸು, ಅಲ್ವಾ? ಷೆರ್ಲಾಕ್ ಹೋಮ್ಸ್‌ಗೆ ಹೆಂಡತಿ ಇಲ್ಲ. ಅಗಾಥಾ ಕ್ರಿಸ್ಟಿಯ ಪೊವಾರೋಗೆ ಇಲ್ಲ. ಮನೆಗೆ ಹೋದರೆ 'ಊಟ ಮಾಡಿದ್ರಾ' ಅಂತ ಕೇಳುವವರಿಲ್ಲದ ಜನ ಇವರು. ಇನ್ನು ಹಾಲಿವುಡ್ಡಿನ ಕ್ರೈಮ್ ಸಿನಿಮಾಗಳಲ್ಲಿ ಮದುವೆ ಬಂದರೆ ಅದು ಕೊಲೆಗೆ ಕಾರಣವಾಗಿಯೇ ಬರುವುದು ಜಾಸ್ತಿ. 1944ರ 'ಡಬಲ್ ಇಂಡೆಮ್ನಿಟಿ' ನೋಡಿ. ಹೆಂಡತಿ ವಿಮೆಯ ದುಡ್ಡಿಗಾಗಿ ಗಂಡನನ್ನು ಮುಗಿಸಲು ಹೊರಡುತ್ತಾಳೆ, ವಿಮೆ ಮಾರುವವನೇ ಅವಳ ಜೊತೆಗಾರ. 1946ರ 'ದಿ ಪೋಸ್ಟ್‌ಮ್ಯಾನ್ ಆಲ್ವೇಸ್ ರಿಂಗ್ಸ್ ಟ್ವೈಸ್' ನೋಡಿ. ಅಲ್ಲೂ ಹೆಂಡತಿ ಮತ್ತು ಅವಳ ಪ್ರಿಯಕರ ಸೇರಿ ಗಂಡನನ್ನು ಕೊಲ್ಲುತ್ತಾರೆ. ಆ ಸಿನಿಮಾಗಳ ಲೋಕದಲ್ಲಿ ಸಂಸಾರ ಅಂದರೆ ಬೋನು. ಅವಕ್ಕಿಂತ ಹತ್ತು ವರ್ಷ ಮೊದಲೇ ಬಂದ 'ದಿ ಥಿನ್ ಮ್ಯಾನ್' ಇದನ್ನು ತಿರುಗಿಸಿಟ್ಟಿತು. ಹೊರಗಿನ ಲೋಕದಲ್ಲಿ ಕೊಲೆ, ಮೋಸ. ಒಳಗೆ, ಹೋಟೆಲಿನ ಒಂದು ಕೋಣೆಯಲ್ಲಿ, ಒಬ್ಬರನ್ನೊಬ್ಬರು ಕಂಡರೆ ಖುಷಿಪಡುವ ಗಂಡ ಹೆಂಡತಿ.

ಕತೆಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ಕ್ಲೈಡ್ ವೈನಂಟ್ ಅಂತ ಒಬ್ಬ ತೆಳ್ಳಗಿನ ಮನುಷ್ಯ. ಹೊಸ ಹೊಸ ಯಂತ್ರ ಕಂಡುಹಿಡಿಯುವವನು. ಮಗಳು ಡೊರೊಥಿಗೆ ಮದುವೆ ಗೊತ್ತಾಗಿದೆ. ಮದುವೆ ಹೊತ್ತಿಗೆ ಬಂದೇ ಬರುತ್ತೇನೆ ಅಂತ ಮಗಳಿಗೆ ಹೇಳಿ ಹೋದವನು ಬರುವುದೇ ಇಲ್ಲ. ಅಷ್ಟರಲ್ಲಿ ಅವನ ಗೆಳತಿಯ ಕೊಲೆಯಾಗುತ್ತದೆ. ಎಲ್ಲರ ಅನುಮಾನ ಅವನ ಮೇಲೆ. ಸಿನಿಮಾದ ಹೆಸರಿನ 'ತೆಳ್ಳಗಿನ ಮನುಷ್ಯ' ಈ ವೈನಂಟ್, ಪತ್ತೇದಾರ ಅಲ್ಲ. ಆದರೆ ಜನ ಪತ್ತೇದಾರನನ್ನೇ ಹಾಗೆ ಕರೆಯತೊಡಗಿದರು. ಸ್ಟುಡಿಯೋದವರೂ ತಿದ್ದಲು ಹೋಗಲಿಲ್ಲ, ಮುಂದಿನ ಸಿನಿಮಾಗಳಿಗೂ ಅದೇ ಹೆಸರು ಇಟ್ಟುಕೊಂಡರು.

ಪತ್ತೇದಾರನ ಹೆಸರು ನಿಕ್ ಚಾರ್ಲ್ಸ್. ಹೆಂಡತಿ ನೋರಾ. ಅವಳು ಶ್ರೀಮಂತರ ಮಗಳು. ಮದುವೆಯಾದ ಮೇಲೆ ನಿಕ್ ಪತ್ತೇದಾರಿಕೆ ಬಿಟ್ಟು ಅವಳ ಆಸ್ತಿ ನೋಡಿಕೊಂಡು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಾಮಾಗಿದ್ದಾನೆ. ಕ್ರಿಸ್ಮಸ್ ರಜೆಗೆ ಇಬ್ಬರೂ ನಾಯಿ ಆಸ್ಟಾ ಜೊತೆ ನ್ಯೂಯಾರ್ಕಿಗೆ ಬಂದಿದ್ದಾರೆ. ನಿಕ್‌ಗೆ ಈ ಕೊಲೆ ಕೇಸು ಖಂಡಿತ ಬೇಡ. ಡೊರೊಥಿ ಬಂದು ಕೇಳುತ್ತಾಳೆ, ಅವಳ ತಾಯಿ ಬರುತ್ತಾಳೆ, ವೈನಂಟ್‌ನ ವಕೀಲ ಬರುತ್ತಾನೆ, ಪೊಲೀಸರು ಬರುತ್ತಾರೆ. ಅವನು ಯಾರಿಗೂ ಜಗ್ಗುವುದಿಲ್ಲ. ಅವನನ್ನು ಕೇಸಿಗೆ ತಳ್ಳುವವಳು ನೋರಾ. ನೀನು ಕೆಲಸ ಮಾಡುವುದನ್ನು ನಾನು ನೋಡಬೇಕು, ಅದು ಅವಳ ಆಸೆ. ಸಾಮಾನ್ಯವಾಗಿ ಇಂಥ ಕತೆಗಳಲ್ಲಿ ಹೆಂಡತಿ 'ಬೇಡ ರೀ, ಹೋಗಬೇಡಿ' ಅಂತ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಇಲ್ಲಿ ಅವಳೇ ಕೋಟು ತಂದುಕೊಡುವ ಉತ್ಸಾಹದಲ್ಲಿದ್ದಾಳೆ.

ಇದು ಡ್ಯಾಶಿಯಲ್ ಹ್ಯಾಮೆಟ್ ಬರೆದ ಕಾದಂಬರಿ. ಅದೂ 1934ರದ್ದೇ. ಹ್ಯಾಮೆಟ್ ಕತೆ ಬರೆಯುವ ಮೊದಲು ಪಿಂಕರ್ಟನ್ ಏಜೆನ್ಸಿಯಲ್ಲಿ ನಿಜವಾದ ಪತ್ತೇದಾರನಾಗಿದ್ದವರು. ಬೇರೆ ಲೇಖಕರು ಬಂಗಲೆಯ ಲೈಬ್ರರಿಯಲ್ಲಿ ಹೆಣ ಇಟ್ಟು ಒಗಟು ಹೆಣೆಯುತ್ತಿದ್ದ ಕಾಲದಲ್ಲಿ ಇವರು ಬೀದಿಯ ಕೊಲೆಯನ್ನು ಬರೆದರು. ಅವರ 'ದಿ ಮಾಲ್ಟೀಸ್ ಫಾಲ್ಕನ್' ಓದಿದವರಿಗೆ ಗೊತ್ತು, ಅದರ ಪತ್ತೇದಾರನಿಗೆ ಯಾರ ಮೇಲೂ ನಂಬಿಕೆ ಇಲ್ಲ, ಪ್ರೀತಿಸಿದವಳ ಮೇಲೂ ಇಲ್ಲ. ಅಂಥ ಕಠಿಣ ಕತೆಗಾರ ತಮ್ಮ ಐದನೇ ಕಾದಂಬರಿಯಲ್ಲಿ ಗಂಡ ಹೆಂಡತಿಯ ತಮಾಷೆ ಬರೆದರು. ಆಗ ಅವರ ಜೀವನದಲ್ಲಿ ನಾಟಕಕಾರ್ತಿ ಲಿಲಿಯನ್ ಹೆಲ್ಮನ್ ಇದ್ದರು. ಪುಸ್ತಕ ಅವರಿಗೇ ಅರ್ಪಣೆ. 'ನೋರಾ ಅಂದರೆ ನೀನೇ' ಅಂತ ಹ್ಯಾಮೆಟ್ ಹೇಳಿದಾಗ ತುಂಬ ಖುಷಿಯಾಯಿತು, ಆದರೆ ಕತೆಯ ಪೆದ್ದ ಹುಡುಗಿಯೂ ಕೆಟ್ಟ ಹೆಂಗಸೂ ನೀನೇ ಅಂತ ಸ್ವಲ್ಪ ಹೊತ್ತಲ್ಲೇ ಸೇರಿಸಿದರು ಎಂದು ಹೆಲ್ಮನ್ ಬರೆದುಕೊಂಡಿದ್ದಾರೆ. ಇದಾದ ಮೇಲೆ ಹ್ಯಾಮೆಟ್ 1961ರವರೆಗೆ ಬದುಕಿದ್ದರು. ಇನ್ನೊಂದು ಕಾದಂಬರಿ ಹೊರಗೆ ಬರಲಿಲ್ಲ. ಅವರ ಕೊನೆಯ ಕಾದಂಬರಿ ಇಷ್ಟು ನಗುನಗುತ್ತಾ ಇದೆಯಲ್ಲ ಅಂತ ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಪುಸ್ತಕ ಎಂಜಿಎಂ ಸ್ಟುಡಿಯೋಗೆ ಹೋಯಿತು. ನಿರ್ದೇಶಕ ಡಬ್ಲ್ಯು. ಎಸ್. ವ್ಯಾನ್ ಡೈಕ್. ಅವರನ್ನು ಎಲ್ಲರೂ 'ಒನ್ ಟೇಕ್ ವುಡಿ' ಅಂತ ಕರೆಯುತ್ತಿದ್ದರು. ಒಂದು ದೃಶ್ಯ, ಒಂದು ಟೇಕ್, ಮುಂದೆ ನಡಿ. ಚಿತ್ರಕತೆ ಬರೆಯಲು ಅವರು ಕೂರಿಸಿದ್ದು ಒಂದು ಜೋಡಿಯನ್ನು. ಆಲ್ಬರ್ಟ್ ಹ್ಯಾಕೆಟ್ ಮತ್ತು ಫ್ರಾನ್ಸಿಸ್ ಗುಡ್ರಿಚ್. 1931ರಲ್ಲಿ ಮದುವೆಯಾಗಿದ್ದ ಗಂಡ ಹೆಂಡತಿ. ಮುಂದೆ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಸಿನಿಮಾದ ಬರವಣಿಗೆಯಲ್ಲಿ ಇದ್ದವರೂ ಇವರೇ, ಆನ್ ಫ್ರಾಂಕ್ ಡೈರಿಯನ್ನು ನಾಟಕವಾಗಿಸಿ ಪುಲಿಟ್ಜರ್ ಪಡೆದವರೂ ಇವರೇ. ವ್ಯಾನ್ ಡೈಕ್ ಇವರಿಗೆ ಕೊಟ್ಟ ಸೂಚನೆಯನ್ನು ಹ್ಯಾಕೆಟ್ ಆಮೇಲೆ ನೆನಪಿಸಿಕೊಂಡಿದ್ದಾರೆ. ಕೊಲೆಯ ಕತೆ ಹೇಗಾದರೂ ಇರಲಿ, ನಿಕ್ ಮತ್ತು ನೋರಾ ಇಬ್ಬರೇ ಇರುವ ಐದು ದೃಶ್ಯ ನನಗೆ ಬೇಕು, ಅದು ಸೂಚನೆಯ ಸಾರ.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಕ್ರೈಮ್ ಥ್ರಿಲ್ಲರ್ ತೆಗೆಯಲು ಹೊರಟ ನಿರ್ದೇಶಕ ಕೇಳುವುದು ಕೊಲೆಯ ದೃಶ್ಯವನ್ನಲ್ಲ, ಅಟ್ಟಿಸಿಕೊಂಡು ಹೋಗುವ ದೃಶ್ಯವನ್ನಲ್ಲ. ಗಂಡ ಹೆಂಡತಿ ಮಾತಾಡುವ ಐದು ದೃಶ್ಯ ಕೇಳುತ್ತಾನೆ. ಅದನ್ನು ಬರೆಯಲು ಸಿಕ್ಕವರು ಗಂಡ ಹೆಂಡತಿ. ದಿನಾ ಬೆಳಿಗ್ಗೆ ಎದುರೆದುರು ಕೂತು ಒಬ್ಬರ ಮಾತಿಗೆ ಇನ್ನೊಬ್ಬರು ಎದುರು ಮಾತು ಹುಡುಕಿದವರು. ಅದಕ್ಕೇ ಆ ಸಂಭಾಷಣೆಯಲ್ಲಿ ಗಂಡಿನ ಮಾತು ಗೆದ್ದು ಹೆಣ್ಣಿನ ಮಾತು ಸೋಲುವುದಿಲ್ಲ ಅಂತ ನನಗನ್ನಿಸುತ್ತದೆ.

ನೋರಾ ಪಾತ್ರಕ್ಕೆ ವ್ಯಾನ್ ಡೈಕ್ ಕೇಳಿದ್ದು ಮಿರ್ನಾ ಲಾಯ್ ಅವರನ್ನು. ಸ್ಟುಡಿಯೋ ಮುಖ್ಯಸ್ಥ ಲೂಯಿಸ್ ಬಿ. ಮೇಯರ್‌ಗೆ ಒಂಚೂರೂ ಇಷ್ಟವಿರಲಿಲ್ಲ. ಯಾಕೆಂದರೆ ಮೊಂಟಾನಾದಲ್ಲಿ ಹುಟ್ಟಿದ ಈ ಹುಡುಗಿಗೆ ಹಾಲಿವುಡ್ ವರ್ಷಗಟ್ಟಲೆ ಕೊಟ್ಟಿದ್ದು ಪೂರ್ವದೇಶದ ಮಾಯಾಂಗನೆಯ ಪಾತ್ರ. 1932ರಲ್ಲಷ್ಟೇ ಫು ಮಾಂಚು ಎಂಬ ದುಷ್ಟನ ಕ್ರೂರ ಮಗಳಾಗಿ ನಟಿಸಿದ್ದರು. ಅವರಿಂದ ತಮಾಷೆ ಆಗುತ್ತದಾ ಅಂತ ಮೇಯರ್ ಪ್ರಶ್ನೆ. ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಮೂರು ವಾರದಲ್ಲಿ ಅವರನ್ನು ಬಿಟ್ಟುಕೊಡಬೇಕು, 'ಸ್ಟಾಂಬುಲ್ ಕ್ವೆಸ್ಟ್' ಎಂಬ ಇನ್ನೊಂದು ಸಿನಿಮಾ ಕಾಯುತ್ತಿದೆ. ವ್ಯಾನ್ ಡೈಕ್ ಮೂರು ವಾರದೊಳಗೆ ಮುಗಿಸಿಯೇ ಬಿಟ್ಟರು.

ನಿಕ್ ಆದವರು ವಿಲಿಯಂ ಪವೆಲ್. ಆಗ ಅವರು ಫೈಲೋ ವ್ಯಾನ್ಸ್ ಎಂಬ ಇನ್ನೊಬ್ಬ ಪತ್ತೇದಾರನ ಪಾತ್ರಕ್ಕೆ ಹೆಸರಾಗಿದ್ದರು. ಇದನ್ನು ಸ್ಟುಡಿಯೋದವರು ಎಷ್ಟು ಚೆನ್ನಾಗಿ ಬಳಸಿಕೊಂಡರು ಗೊತ್ತಾ? ಟ್ರೈಲರ್‌ನಲ್ಲಿ ಹ್ಯಾಮೆಟ್ ಪುಸ್ತಕದ ದೊಡ್ಡ ಮುಖಪುಟ ಇರುತ್ತದೆ. ಅದರಿಂದ ನಿಕ್ ಆಗಿ ಪವೆಲ್ ಇಳಿದು ಬರುತ್ತಾರೆ, ಪಕ್ಕದಲ್ಲಿ ಫೈಲೋ ವ್ಯಾನ್ಸ್ ಆಗಿ ನಿಂತ ಪವೆಲ್ ಜೊತೆ ಮಾತಾಡುತ್ತಾರೆ. ನಮ್ಮಲ್ಲಿ ಡಬಲ್ ಆಕ್ಟಿಂಗ್ ಅನ್ನುತ್ತೇವಲ್ಲ, ಅದು ಟ್ರೈಲರ್‌ಗಾಗಿಯೇ ಮಾಡಿದ್ದು. ಸಿನಿಮಾ ಮುಗಿದ ಮೇಲೆ ಹುಡುಕಿ ನೋಡಿ.

ಪವೆಲ್ ಮತ್ತು ಲಾಯ್ ಮೊದಲು ಭೇಟಿಯಾದ ಸಂದರ್ಭವೂ ಚೆನ್ನಾಗಿದೆ. ಅದೇ ವರ್ಷ, ಅದೇ ವ್ಯಾನ್ ಡೈಕ್, 'ಮ್ಯಾನ್‌ಹಟನ್ ಮೆಲೊಡ್ರಾಮಾ' ಎಂಬ ಸಿನಿಮಾ. ಲಾಯ್ ಓಡಿಬಂದು ಕಾರಿನೊಳಗೆ ಹತ್ತಬೇಕು. ಒಳಗೆ ಪವೆಲ್ ಕೂತಿದ್ದಾರೆ. ಇಬ್ಬರಿಗೂ ಪರಿಚಯ ಮಾಡಿಸಲು ನಿರ್ದೇಶಕರಿಗೆ ಪುರಸೊತ್ತಿಲ್ಲ. ಲಾಯ್ ಓಡಿಬಂದವರು ಸೀದಾ ಪವೆಲ್ ಮಡಿಲಿಗೇ ಬಿದ್ದರು. ಪವೆಲ್ ತಮ್ಮ ಗಂಭೀರ ದನಿಯಲ್ಲಿ, ತಾವು ಮಿಸ್ ಲಾಯ್ ಇರಬೇಕಲ್ಲವೇ ಅಂದರು. ಮುಂದಿನ ಹದಿಮೂರು ವರ್ಷದಲ್ಲಿ ಇಬ್ಬರೂ ಸೇರಿ 14 ಸಿನಿಮಾ ಮಾಡಿದರು. ಆ 'ಮ್ಯಾನ್‌ಹಟನ್ ಮೆಲೊಡ್ರಾಮಾ'ಕ್ಕೂ ಒಂದು ಚರಿತ್ರೆ ಇದೆ. 1934ರ ಜುಲೈ 22ರಂದು ಶಿಕಾಗೋದ ಬಯೋಗ್ರಾಫ್ ಥಿಯೇಟರಿನಲ್ಲಿ ಅದನ್ನು ನೋಡಿ ಹೊರಗೆ ಬಂದ ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರ್‌ನನ್ನು ಕೇಂದ್ರ ಸರ್ಕಾರದ ತನಿಖಾ ಏಜೆಂಟರು ಗುಂಡಿಟ್ಟು ಕೊಂದರು. ಹೊರಗೆ ಅಂಥ ಕಾಲ. 1933ರಲ್ಲಿ ಅಮೆರಿಕದಲ್ಲಿ ದುಡಿಯುವ ನಾಲ್ಕು ಜನರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಪಾನನಿಷೇಧ ಕೊನೆಯಾಗಿ ಆರು ತಿಂಗಳಾಗಿರಲಿಲ್ಲ, ಅದು ತೆರವಾದದ್ದು 1933ರ ಡಿಸೆಂಬರ್ 5ಕ್ಕೆ. 1934ರ ಮೇ ತಿಂಗಳಲ್ಲಿ ಈ ಸಿನಿಮಾ ಬಂದಾಗ ಟಿಕೆಟ್ ತಗೊಂಡು ಕೂತ ಜನಕ್ಕೆ ನಿಕ್ ಕೈಯ ಗ್ಲಾಸು ಕೂಡ ಒಂದು ಬಿಡುಗಡೆಯ ಹಾಗೆ ಕಂಡಿರಬೇಕು.

ಈಗ ದೃಶ್ಯಗಳಿಗೆ ಬರೋಣ. ನಿಕ್‌ನನ್ನು ನಾವು ಮೊದಲು ನೋಡುವುದು ಬಾರಿನಲ್ಲಿ. ಅಲ್ಲಿನ ಹುಡುಗರಿಗೆ ಪಾನೀಯ ಕುಲುಕುವುದು ಹೇಗೆ ಅಂತ ಪಾಠ ಮಾಡುತ್ತಿದ್ದಾನೆ. ಒಂದೊಂದು ಪಾನೀಯಕ್ಕೂ ಒಂದೊಂದು ನೃತ್ಯದ ತಾಳವಂತೆ. ಮ್ಯಾನ್‌ಹಟನ್‌ಗೆ ಫಾಕ್ಸ್‌ಟ್ರಾಟ್, ಡ್ರೈ ಮಾರ್ಟಿನಿಗೆ ಯಾವಾಗಲೂ ವಾಲ್ಟ್ಸ್. ಈ ದೃಶ್ಯಕ್ಕೆ ಮೊದಲು ವ್ಯಾನ್ ಡೈಕ್, 'ಸುಮ್ನೆ ಒಂದು ಸಲ ಮಾಡಿ, ಬೆಳಕು, ಮೈಕು ಸರಿ ಇದೆಯಾ ನೋಡೋಣ' ಅಂತ ಹೇಳಿ ಕ್ಯಾಮೆರಾ ಓಡಿಸಿಬಿಟ್ಟರಂತೆ. ಪವೆಲ್ ರಿಹರ್ಸಲ್ ಅಂದುಕೊಂಡು ಆರಾಮಾಗಿ ಮಾಡಿದ್ದೇ ಸಿನಿಮಾದಲ್ಲಿ ಉಳಿಯಿತು ಅಂತ ಹೇಳುತ್ತಾರೆ. ಅವರ ಮೈಯನ್ನು ಗಮನಿಸಿ. ಕ್ಯಾಮೆರಾ ನೋಡುತ್ತಿದೆ ಅನ್ನುವ ಬಿಗಿ ಎಲ್ಲೂ ಇಲ್ಲ.

ಅದೇ ಬಾರಿಗೆ ನೋರಾ ಬರುತ್ತಾಳೆ. ಕೈತುಂಬ ಕ್ರಿಸ್ಮಸ್ ಪೊಟ್ಟಣಗಳು. ಮುಂದೆ ಆಸ್ಟಾ ಹಗ್ಗ ಜಗ್ಗುತ್ತಿದೆ. ನಾಯಿ ಅವಳನ್ನು ಎಳೆದುಕೊಂಡು ಬಂದು, ಅವಳು ನೆಲದ ಮೇಲೆ ಉದ್ದಕ್ಕೆ ಬೋರಲು ಬೀಳುತ್ತಾಳೆ, ಪೊಟ್ಟಣಗಳೆಲ್ಲ ದಿಕ್ಕಾಪಾಲು. ನಾಯಕಿಯ ಮೊದಲ ಪ್ರವೇಶ ಇದು! ಲಾಯ್ ಎಲ್ಲಿಗೆ ಬಂದು ಬೀಳಬೇಕು ಅಂತ ನೆಲದ ಮೇಲೆ ಗುರುತು ಹಾಕಿದ್ದರಂತೆ, ಅವರು ಸರಿಯಾಗಿ ಅಲ್ಲಿಗೇ ಬಿದ್ದರಂತೆ. ಬಿದ್ದವಳು ನಾಚಿ ಮುದುಡುವುದಿಲ್ಲ. ಎದ್ದು, ಬಟ್ಟೆ ಸರಿಮಾಡಿಕೊಂಡು, ಗಂಡನ ಎದುರು ಕೂರುತ್ತಾಳೆ. ಎಷ್ಟು ಕುಡಿದೆ ಅಂತ ಕೇಳುತ್ತಾಳೆ. ಇದು ಆರನೆಯದು ಅನ್ನುತ್ತಾನೆ. ನಮ್ಮ ಸಿನಿಮಾದ ಹೆಂಡತಿಯಾಗಿದ್ದರೆ ಇಲ್ಲಿ ಕಣ್ಣೀರು ಬರುತ್ತಿತ್ತು. ನೋರಾ ಮಾಣಿಯನ್ನು ಕರೆದು, ನನಗೆ ಇನ್ನೂ ಐದು ತಂದು ಇಲ್ಲಿ ಸಾಲಾಗಿ ಇಡಿ ಅನ್ನುತ್ತಾಳೆ. ಗಂಡ ಎಲ್ಲಿದ್ದಾನೋ ಅಲ್ಲಿಗೆ ತಾನೂ ತಲುಪಬೇಕು, ಅದು ಲೆಕ್ಕ. ಮುಂದಿನ ದೃಶ್ಯದಲ್ಲಿ ತಲೆ ಮೇಲೆ ಐಸ್ ಚೀಲ ಇಟ್ಟುಕೊಂಡು ಮಲಗಿರುತ್ತಾಳೆ.

ಕುಡಿತದ ಬಗ್ಗೆ ನನಗೆ ಒಂದು ಮಾತು ಹೇಳಲೇಬೇಕು. ಈ ಸಿನಿಮಾದಲ್ಲಿ ಕುಡಿತ ತುಂಬ ಜಾಸ್ತಿ. ನಿಕ್ ಕೈಯಲ್ಲಿ ಗ್ಲಾಸು ಇಲ್ಲದ ಗಳಿಗೆ ಹುಡುಕಬೇಕು. ಇದನ್ನು ಬರೆದ ಹ್ಯಾಮೆಟ್ ಆರೋಗ್ಯವನ್ನು ಕುಡಿತ ಹಾಳುಮಾಡಿತು ಅನ್ನುವುದು ಗೊತ್ತಿದ್ದು ನೋಡುವಾಗ, ಕೆಲವು ಸಲ ನನಗೆ ನಗು ಬರುವುದಿಲ್ಲ. ಇನ್ನೊಂದು ದೃಶ್ಯವೂ ಇವತ್ತಿನ ಕಣ್ಣಿಗೆ ಚುಚ್ಚುತ್ತದೆ. ಮೊರೆಲ್ಲಿ ಎಂಬ ರೌಡಿ ರಾತ್ರಿ ಕೋಣೆಗೆ ಪಿಸ್ತೂಲು ಹಿಡಿದು ಬಂದಾಗ, ಗುಂಡಿನಿಂದ ತಪ್ಪಿಸಲು ನಿಕ್ ಹೆಂಡತಿಗೇ ಒಂದು ಗುದ್ದು ಕೊಟ್ಟು ಕೆಳಗೆ ಕೆಡವಿ, ರೌಡಿ ಮೇಲೆ ದಿಂಬು ಎಸೆದು ಹಾರುತ್ತಾನೆ. ಹೆಣ್ಣಿನ ಮೇಲೆ ಕೈಮಾಡುವುದನ್ನು ತಮಾಷೆ ಮಾಡಿದ್ದು ನನಗೆ ಹಿಡಿಸುವುದಿಲ್ಲ. ಆದರೆ ಎಚ್ಚರವಾದ ಮೇಲೆ ನೋರಾ ಹೇಳುವ ಮಾತು ಕೇಳಿಸಿಕೊಳ್ಳಿ. ಅವಳ ಸಿಟ್ಟು ಏಟಿಗಲ್ಲ. ನೀನು ಅವನನ್ನು ಹಿಡಿದೇ ಹಿಡಿಯುತ್ತೀಯ ಅಂತ ನನಗೆ ಗೊತ್ತಿತ್ತು, ನೀನು ಹಿಡಿಯುವುದನ್ನು ನಾನು ನೋಡಬೇಕಿತ್ತು, ಅದು ತಪ್ಪಿಹೋಯಿತಲ್ಲ ಅಂತ ಸಿಟ್ಟು.

ಇನ್ನು ಆ ಮೂಗು. ಕ್ರಿಸ್ಮಸ್ ಹಿಂದಿನ ರಾತ್ರಿ ಇವರ ಹೋಟೆಲ್ ಕೋಣೆಯಲ್ಲಿ ಪಾರ್ಟಿ ನಡೆಯುತ್ತಿದೆ. ಬಂದವರಲ್ಲಿ ನಿಕ್ ಹಿಂದೆ ಜೈಲಿಗೆ ಕಳಿಸಿದವರೂ ಇದ್ದಾರೆ. ಅವರಿಗೆ ಅವನ ಮೇಲೆ ದ್ವೇಷವಿಲ್ಲ, ಹಳೇ ಗೆಳೆಯನ ಮನೆಗೆ ಬಂದಂತೆ ಬಂದಿದ್ದಾರೆ. ಒಬ್ಬ ದೂರದ ಊರಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಅಳುತ್ತಿದ್ದಾನೆ. ಉಳಿದವರು ರಾಗ ತಪ್ಪಿ ಕ್ರಿಸ್ಮಸ್ ಹಾಡು ಹೇಳುತ್ತಿದ್ದಾರೆ. ನೋರಾ ಶ್ರೀಮಂತರ ಮನೆಯಲ್ಲಿ ಬೆಳೆದವಳು, ಅವಳಿಗೆ ಇದೆಲ್ಲ ಹೊಸದು. ನಿನಗೆ ಎಂಥ ಚೆಂದದ ಜನ ಗೊತ್ತು ನೋಡು, ಅದಕ್ಕೇ ನಿನ್ನನ್ನು ಪ್ರೀತಿಸುತ್ತೇನೆ ಅಂತ ಗಂಡನನ್ನು ತಬ್ಬಿಕೊಳ್ಳುತ್ತಾಳೆ. ಇದೇ ಗಲಾಟೆಯ ನಡುವೆ ಡೊರೊಥಿ ಬಂದು, ನಿಕ್ ಹತ್ತಿರ ಗೋಳು ಹೇಳಿಕೊಂಡು ಅವನ ಎದೆಗೆ ಒರಗಿ ಅಳುತ್ತಾಳೆ. ಆಗ ಬಾಗಿಲು ತೆಗೆಯುತ್ತದೆ.

ನೋರಾ ನಿಂತಿದ್ದಾಳೆ. ನೂರು ಸಿನಿಮಾಗಳಲ್ಲಿ ಈ ಗಳಿಗೆಯಿಂದಲೇ ಅರ್ಧ ಗಂಟೆಯ ಕತೆ ಹುಟ್ಟುತ್ತದೆ. ತಪ್ಪು ತಿಳುವಳಿಕೆ, ಜಗಳ, ತವರಿಗೆ ಹೋಗುವುದು, ರಾಜಿ. ಇಲ್ಲಿ ಏನಾಗುತ್ತದೆ? ಹುಡುಗಿಯ ತಲೆ ಮೇಲಿಂದ ನಿಕ್ ಹೆಂಡತಿಗೆ ಮುಖ ಸೊಟ್ಟ ಮಾಡಿ ತೋರಿಸುತ್ತಾನೆ. ಅವಳು ಮೂಗು ಸುಕ್ಕಿಸಿ ತಿರುಗಿ ಉತ್ತರ ಕೊಡುತ್ತಾಳೆ. ಒಂದೆರಡು ಸೆಕೆಂಡು, ಮಾತೇ ಇಲ್ಲ. ಆಮೇಲೆ ನೋರಾ ಆ ಹುಡುಗಿಯ ಮೇಲೆ ಮರುಕದಿಂದಲೇ ಮಾತಾಡುತ್ತಾಳೆ. ಈ ಇಬ್ಬರ ನಡುವೆ ಎಂಥ ನಂಬಿಕೆ ಇದೆ ಅಂತ ಹೇಳಲು ಬೇರೆಯವರಿಗೆ ನಾಲ್ಕು ಪುಟ ಡೈಲಾಗ್ ಬೇಕಾಗುತ್ತಿತ್ತು.

ಇದನ್ನು ನೋಡಿದಾಗಲೆಲ್ಲ ನನಗೆ ನಮ್ಮ ದೊಡ್ಡಪ್ಪ ದೊಡ್ಡಮ್ಮ ನೆನಪಾಗುತ್ತಾರೆ. ದಿನಾ ಸಂಜೆ ಇಬ್ಬರೂ ಜಗಲಿ ಮೇಲೆ ಚೌಕಾಬಾರ ಆಡುತ್ತಿದ್ದರು. ದೊಡ್ಡಪ್ಪ ಕಾಯಿ ನಡೆಸುವಾಗ ಒಂದು ಮನೆ ಜಾಸ್ತಿ ನಡೆಸಿಬಿಡುತ್ತಿದ್ದರು. ದೊಡ್ಡಮ್ಮ ಏನೂ ಅನ್ನುತ್ತಿರಲಿಲ್ಲ. ತಲೆ ಎತ್ತಿ ಒಂದು ಸಲ ನೋಡುತ್ತಿದ್ದರು, ದೊಡ್ಡಪ್ಪ ಕಾಯಿಯನ್ನು ಹಿಂದಕ್ಕೆ ಇಡುತ್ತಿದ್ದರು. ಮದುವೆಯಾಗಿ ನಲವತ್ತು ವರ್ಷ ಆದವರು. ಅವರ ಪ್ರೀತಿಯ ಮಾತು ನಾನು ಒಂದು ದಿನವೂ ಕೇಳಿಲ್ಲ. ಆ ನೋಟ ಮಾತ್ರ ಚೆನ್ನಾಗಿ ನೆನಪಿದೆ. ತೆರೆಯ ಮೇಲೆ ಅದೇ ನೋಟವನ್ನು ನಾನು ಮೊದಲು ಕಂಡಿದ್ದು ನ್ಯೂಯಾರ್ಕಿನ ಹೋಟೆಲ್ ಕೋಣೆಯ ಈ ಕತೆಯಲ್ಲಿ.

ಮರುದಿನ ಕ್ರಿಸ್ಮಸ್ ಬೆಳಿಗ್ಗೆ. ನೋರಾ ಗಂಡನಿಗೆ ಉಡುಗೊರೆಯಾಗಿ ಏರ್‌ಗನ್ ಕೊಟ್ಟಿದ್ದಾಳೆ. ನಿಕ್ ಸೋಫಾ ಮೇಲೆ ಮಲಗಿಕೊಂಡು ಕ್ರಿಸ್ಮಸ್ ಗಿಡಕ್ಕೆ ಕಟ್ಟಿದ ಬಲೂನುಗಳಿಗೆ ಗುರಿಯಿಟ್ಟು ಹೊಡೆಯುತ್ತಿದ್ದಾನೆ. ಮಲಗಿ, ಬಗ್ಗಿ, ಕಾಲು ಮೇಲೆತ್ತಿ, ಎಲ್ಲ ಭಂಗಿಯಲ್ಲೂ. ಎದುರಿಗೆ ನೋರಾ ಹೊಸ ಫರ್ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಾಳೆ. ಮನೆಯೊಳಗೆ, ಬೆಚ್ಚಗಿನ ಕೋಣೆಯಲ್ಲಿ ಫರ್ ಕೋಟು! ತೆಗೆಯಲು ಮನಸ್ಸಿಲ್ಲ. ಕೊನೆಗೆ ಒಂದು ಗುರಿ ತಪ್ಪಿ ಕಿಟಕಿ ಗಾಜು ಒಡೆಯುತ್ತದೆ. ಕತೆಗೆ ಈ ದೃಶ್ಯದಿಂದ ಕಾಸಿನ ಉಪಯೋಗವಿಲ್ಲ. ಇದನ್ನು ಕತ್ತರಿಸಿದರೂ ಕೊಲೆಗಾರ ಸಿಗುತ್ತಾನೆ. ನನ್ನನ್ನು ಕೇಳಿದರೆ ಇಡೀ ಸಿನಿಮಾದ ಜೀವ ಇಲ್ಲೇ ಇದೆ.

ಇನ್ನೊಂದು ಕಡೆ ನೋರಾ ತಾನೂ ತನಿಖೆಗೆ ಬರುತ್ತೇನೆ ಅಂತ ಹಟ ಹಿಡಿಯುತ್ತಾಳೆ. ನಿಕ್ ಅವಳನ್ನು ಟ್ಯಾಕ್ಸಿಗೆ ಹತ್ತಿಸಿ, ಡ್ರೈವರ್‌ಗೆ ಗ್ರಾಂಟ್ ಸಮಾಧಿಗೆ ಕರಕೊಂಡು ಹೋಗು ಅಂತ ಹೇಳಿ, ತಾನು ತಪ್ಪಿಸಿಕೊಳ್ಳುತ್ತಾನೆ. ಗ್ರಾಂಟ್ ಅಂದರೆ ಅಮೆರಿಕದ ಹಳೇ ಅಧ್ಯಕ್ಷ, ನ್ಯೂಯಾರ್ಕಿನಲ್ಲಿ ಅವರ ದೊಡ್ಡ ಸಮಾಧಿ ಇದೆ. ಆಮೇಲೆ, ಹೇಗಿತ್ತು ಸಮಾಧಿ ಅಂತ ಕೇಳುತ್ತಾನೆ. ತುಂಬ ಚೆನ್ನಾಗಿದೆ, ನಿನಗೂ ಅಂಥದ್ದೇ ಒಂದು ಮಾಡಿಸುತ್ತಿದ್ದೇನೆ ಅನ್ನುತ್ತಾಳೆ. ಸಾಲ ತೀರಿತು.

ಈ ಸಿನಿಮಾಗೆ ಬೆಳಕು ಮಾಡಿದ ಛಾಯಾಗ್ರಾಹಕರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಜೇಮ್ಸ್ ವಾಂಗ್ ಹೌ. 1899ರಲ್ಲಿ ಚೀನಾದಲ್ಲಿ ಹುಟ್ಟಿ ಐದು ವರ್ಷದ ಮಗುವಾಗಿ ಅಮೆರಿಕಕ್ಕೆ ಬಂದವರು. ಮುಂದೆ ಎರಡು ಆಸ್ಕರ್ ಪಡೆದರು. ಸಿನಿಮಾದ ಶುರುವಿನಲ್ಲಿ ವೈನಂಟ್‌ನ ಕಾರ್ಯಾಗಾರದ ಗೋಡೆ ಮೇಲೆ ಅವನ ಉದ್ದನೆಯ ತೆಳ್ಳಗಿನ ನೆರಳು ಬೀಳುತ್ತದೆ, ನೋಡಿ. ಆಮೇಲೆ ರಾತ್ರಿ ನಿಕ್ ಮತ್ತು ಆಸ್ಟಾ ಇಬ್ಬರೇ ಆ ಕಾರ್ಯಾಗಾರಕ್ಕೆ ಹೋಗುತ್ತಾರೆ. ಕತ್ತಲು, ಕೈಯಲ್ಲಿ ಟಾರ್ಚು, ನಾಯಿ ನೆಲ ಮೂಸುತ್ತಾ ಒಂದು ಕಡೆ ನಿಂತು ಕೆರೆಯತೊಡಗುತ್ತದೆ. ಅಲ್ಲಿಯವರೆಗೆ ನಗುತ್ತಿದ್ದ ನೀವು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬರುತ್ತೀರಿ. ಇದು ಥ್ರಿಲ್ಲರ್ ಅನ್ನುವುದನ್ನು ಮರೆಯಲು ಬಿಡದವರು ಹೌ.

ಅವರ ಜೀವನದ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಹೌ ಪ್ರೀತಿಸಿದ್ದು ಸನೋರಾ ಬ್ಯಾಬ್ ಎಂಬ ಬಿಳಿಯ ಲೇಖಕಿಯನ್ನು. ಕ್ಯಾಲಿಫೋರ್ನಿಯಾದ ಕಾನೂನು ಆಗ ಬೇರೆ ಬೇರೆ ಜನಾಂಗದವರ ಮದುವೆಗೆ ಒಪ್ಪುತ್ತಿರಲಿಲ್ಲ. ಇಬ್ಬರೂ 1937ರಲ್ಲಿ ಪ್ಯಾರಿಸ್‌ಗೆ ಹೋಗಿ ಮದುವೆಯಾದರು. ಊರಿಗೆ ಮರಳಿದರೆ ಆ ಮದುವೆಗೆ ಬೆಲೆಯಿಲ್ಲ. 1948ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿದ ಮೇಲೆಯೇ ಅವರು ತಮ್ಮ ಊರಲ್ಲಿ ಮದುವೆಯಾಗಲು ಆದದ್ದು. ಹಾಲಿವುಡ್ಡಿನ ಅತಿ ಸುಖದ ಸಂಸಾರವನ್ನು ಪ್ರೀತಿಯಿಂದ ಬೆಳಗಿಸಿದ ಮನುಷ್ಯನಿಗೆ ಅದೇ ಊರಲ್ಲಿ ಸಂಸಾರ ಮಾಡುವ ಹಕ್ಕಿರಲಿಲ್ಲ. ಆ ಕೋಣೆಯ ಬೆಳಕನ್ನು ನೋಡುವಾಗ ಇದು ನಿಮ್ಮ ನೆನಪಲ್ಲಿರಲಿ.

ನಾಯಿಯ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಅದರ ನಿಜವಾದ ಹೆಸರು ಸ್ಕಿಪ್ಪಿ, ಫಾಕ್ಸ್ ಟೆರಿಯರ್ ಜಾತಿಯದು. ಹ್ಯಾಮೆಟ್ ಪುಸ್ತಕದಲ್ಲಿ ಆಸ್ಟಾ ಹೆಣ್ಣು, ಶ್ನೌಜರ್ ಜಾತಿ. ಶೂಟಿಂಗ್ ಬಿಟ್ಟು ಉಳಿದ ಹೊತ್ತಲ್ಲಿ ನಟರು ಅದನ್ನು ಮುದ್ದಿಸುವ ಹಾಗಿರಲಿಲ್ಲ, ತರಬೇತಿ ಕೆಡುತ್ತದೆ ಅಂತ. ಒಂದು ಸಲ ಲಾಯ್ ಅವರನ್ನು ಕಚ್ಚಿಯೂ ಇತ್ತು. ತೆರೆ ಮೇಲೆ ಮಾತ್ರ ಮೂರನೆಯ ಮನೆಮಂದಿ.

ಸಿನಿಮಾ ಗೆದ್ದಿತು. ನಾಲ್ಕು ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಪ್ರಶಸ್ತಿ ಒಂದೂ ಬರಲಿಲ್ಲ. ಇನ್ನೂ ಐದು ಸಿನಿಮಾ ಬಂದವು, ಕೊನೆಯದು 1947ರಲ್ಲಿ. ಎರಡನೆಯದು ಚೆನ್ನಾಗಿದೆ, ಆಮೇಲಿನವು ಇಳಿಮುಖ. ವ್ಯಾನ್ ಡೈಕ್ 1943ರಲ್ಲಿ ತೀರಿಕೊಂಡರು. ಎರಡನೆಯದರ ಕೊನೆಯ ದೃಶ್ಯವೊಂದನ್ನು ಹೇಳಿಬಿಡುತ್ತೇನೆ. ರೈಲಿನಲ್ಲಿ ನೋರಾ ಏನೋ ಹೆಣೆಯುತ್ತಾ ಕೂತಿದ್ದಾಳೆ. ನಿಕ್ ನೋಡುತ್ತಾನೆ. ಪುಟ್ಟ ಕಾಲ್ಚೀಲ. ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ನೀನೂ ಒಬ್ಬ ಪತ್ತೇದಾರನಾ ಅನ್ನುತ್ತಾಳೆ.

ಆ ಎರಡನೇ ಸಿನಿಮಾದ ಶೂಟಿಂಗಿಗೆ 1936ರಲ್ಲಿ ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. ಹೋಟೆಲಿನವರು ಪವೆಲ್ ಮತ್ತು ಲಾಯ್‌ಗೆ ಸೇರಿಸಿ ಒಂದೇ ದೊಡ್ಡ ಕೋಣೆ ತೆಗೆದಿಟ್ಟಿದ್ದರು.  ಗಂಡ ಹೆಂಡತಿ ಅಲ್ವಾ, ಅಂತ ಅವರ ಎಣಿಕೆ. ಪವೆಲ್ ಜೊತೆ ಬಂದಿದ್ದವರು ಅವರು ಪ್ರೀತಿಸುತ್ತಿದ್ದ ನಟಿ ಜೀನ್ ಹಾರ್ಲೋ. ಕೊನೆಗೆ ಹಾರ್ಲೋ ಮತ್ತು ಲಾಯ್ ದೊಡ್ಡ ಕೋಣೆ ತಗೊಂಡರು, ಪವೆಲ್‌ಗೆ ಸಣ್ಣದೊಂದು ಕೋಣೆ. ಹೆಂಗಸರಿಬ್ಬರೂ ಒಳ್ಳೆಯ ಗೆಳತಿಯರಾದರು. ಮರುವರ್ಷವೇ ಹಾರ್ಲೋ ತೀರಿಕೊಂಡರು. ಇಪ್ಪತ್ತಾರು ವರ್ಷ ಅವರಿಗೆ.

ಇನ್ನು ದೀಪ ಆರಿಸುವ ಹೊತ್ತಾಯಿತು. ಕೊನೆಯಲ್ಲಿ ಒಂದು ದೊಡ್ಡ ಔತಣದ ದೃಶ್ಯ ಬರುತ್ತದೆ. ಅನುಮಾನವಿರುವ ಎಲ್ಲರನ್ನೂ ನಿಕ್ ಊಟಕ್ಕೆ ಕರೆದಿರುತ್ತಾನೆ. ಬಡಿಸುವವರು ಮಾಣಿಗಳ ಬಟ್ಟೆ ಹಾಕಿದ ಪೊಲೀಸರು. ಇದರ ಶೂಟಿಂಗಿನಲ್ಲಿ ಅವವೇ ಸಿಂಪಿಗಳನ್ನು ಬಿಸಿ ದೀಪಗಳ ಕೆಳಗೆ ಮತ್ತೆ ಮತ್ತೆ ಬಡಿಸಿ ವಾಸನೆ ತಡೆಯಲಾಗುತ್ತಿರಲಿಲ್ಲ ಅಂತ ಲಾಯ್ ನೆನಪಿಸಿಕೊಂಡಿದ್ದಾರೆ. ತೆರೆಯ ಮೇಲೆ ಅದು ಗೊತ್ತಾಗುವುದಿಲ್ಲ. ಕೊಲೆಗಾರ ಈ ಮೇಜಿಗೇ ಕೂತಿದ್ದಾನೆ ಅಂತ ನಿಕ್ ಹೇಳಿ, ಅದೇ ಉಸಿರಿನಲ್ಲಿ, ಇನ್ನು ಮೀನು ಬಡಿಸಬಹುದು ಅನ್ನುತ್ತಾನೆ. ಉತ್ತರ ನೋರಾಗೂ ಗೊತ್ತಿಲ್ಲ. ಆಗ ಮೇಜಿನ ಸುತ್ತ ಇರುವವರೆಲ್ಲ ನಿಕ್‌ನನ್ನೇ ನೋಡುತ್ತಿರುತ್ತಾರೆ, ಕ್ಯಾಮೆರಾ ಕೂಡ. ಅವಕಾಶ ಸಿಕ್ಕಾಗಲೆಲ್ಲ ನೀವು ನೋರಾಳ ಮುಖ ನೋಡಿ. ಗಂಡ ಕೆಲಸ ಮಾಡುವುದನ್ನು ನೋಡಬೇಕು ಅಂತ ಆಸೆಪಟ್ಟವಳು, ಕೊನೆಗೂ ಎದುರು ಕೂತು ನೋಡುತ್ತಿರುತ್ತಾಳೆ.